ಮಿತಿ ಕಡತದಲ್ಲಿ, ಭಾರ ದಾರಿಯಲ್ಲಿ

ನಮ್ಮೂರು ಮುನವಳ್ಳಿಯ ಸಂತೆಯಲ್ಲಿ ಹಮಾಲರ ಒಂದು ರೂಢಿಯನ್ನು ನಾವು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇವೆ. ಚೀಲವನ್ನು ಬೆನ್ನಿಗೆ ಏರಿಸಿಕೊಳ್ಳುವ ಮೊದಲು ಹಮಾಲ ಅದರ ಮೂಲೆ ಹಿಡಿದು ಒಮ್ಮೆ ಅಲುಗಾಡಿಸುತ್ತಾನೆ. 'ಎಷ್ಟೈತ್ರಿ ವಜನು?' ಎಂದು ಕೇಳುತ್ತಾನೆ. ಅಂಗಡಿಯವರು ಎರಡು ಕಿಲೋ ಕಡಿಮೆ ಹೇಳಿದರೂ ಅವನ ಕೈಗೆ ಗೊತ್ತಾಗುತ್ತದೆ. ಆಗದಿದ್ದರೆ ಇನ್ನೊಬ್ಬನನ್ನು ಕೂಗುತ್ತಾನೆ, ಇಲ್ಲವೇ ಒಲ್ಲೆ ಎನ್ನುತ್ತಾನೆ. ಹೊರುವವನಿಗೆ ಬಾಯಿ ಇದೆ, ಆದ್ದರಿಂದ ಅವನು ಕೇಳಿ ತಿಳಿದುಕೊಳ್ಳುತ್ತಾನೆ. ಆದರೆ ನೆಲಕ್ಕೆ ಬಾಯಿಲ್ಲ, ಸೇತುವೆಗೂ ಬಾಯಿಲ್ಲ. ತಾವು ಎಷ್ಟು ಹೊರಬಲ್ಲೆವು ಎಂಬುದನ್ನು ಅವು ಹೇಳಲಾರವು. ಅವುಗಳ ಪರವಾಗಿ ಯಾರಾದರೂ ಅಳೆದು ಬರೆದಿಡಬೇಕು. ಬರೆದದ್ದನ್ನು ಭಾರ ತರುವವನ ಕಣ್ಣಿಗೆ ಬೀಳುವಂತೆ ಇಡಬೇಕು. ಮೊದಲನೆಯ ಕೆಲಸಕ್ಕೆ ನಮ್ಮಲ್ಲಿ ಇಲಾಖೆಗಳಿವೆ, ಎಂಜಿನಿಯರುಗಳಿದ್ದಾರೆ. ಎರಡನೆಯ ಕೆಲಸ ತಮ್ಮದೆಂದು ತಿಳಿದವರು ಯಾರೂ ಇಲ್ಲ. ನಮ್ಮ ತಕರಾರು ಇರುವುದು ಇಲ್ಲಿಯೇ.

ಈ ತಕರಾರನ್ನು ನಾವು ವಿಮಾನದಿಂದ ಆರಂಭಿಸುತ್ತೇವೆ. ಕತೆ ಬರೆದುಕೊಂಡಿರುವ ನಿಮಗೆ ವಿಮಾನದ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಮುನವಳ್ಳಿಯ ಒಂದು ಕಡೆಗೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣವಿದೆ, ಇನ್ನೊಂದು ಕಡೆಗೆ ಹುಬ್ಬಳ್ಳಿಯದ್ದಿದೆ. ಸಾಂಬ್ರಾ 1942ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಬ್ರಿಟಿಷರ ವಾಯುಪಡೆ ಕಟ್ಟಿದ ನೆಲ. ಹುಬ್ಬಳ್ಳಿಯದು 1974ರದ್ದು. 2017ರಲ್ಲಿ ಎರಡೂ ಕಡೆ ಹೊಸ ಟರ್ಮಿನಲ್‌ಗಳು ಉದ್ಘಾಟನೆಗೊಂಡವು. ಒಂದು ಕಾಲಕ್ಕೆ ವಿಮಾನವೆಂದರೆ ನಮ್ಮ ಓಣಿಯ ಮಕ್ಕಳು ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡುವ ವಸ್ತುವಾಗಿತ್ತು. ಈಗ ಅದೇ ಓಣಿಯ ಹುಡುಗರು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುತ್ತಾರೆ, ಮುದುಕರು ಉಮ್ರಾಕ್ಕೆ ಹೋಗಿಬರುತ್ತಾರೆ. ಅವರು ಕುಳಿತ ವಿಮಾನದ ಗಾಲಿ ಯಾವ ನೆಲದ ಮೇಲೆ ಉರುಳುತ್ತದೆ ಎಂಬುದು ನಮ್ಮ ಉಸಾಬರಿಯೇ.

ಇಲ್ಲಿ ಸ್ವಲ್ಪ ವಿವರ ಅಗತ್ಯ. ವಿಮಾನ ಇಳಿಯುವ, ಏರುವ ನೇರ ದಾರಿಗೆ ರನ್‌ವೇ ಎನ್ನುತ್ತಾರೆ. ರನ್‌ವೇಯಿಂದ ಟರ್ಮಿನಲ್‌ವರೆಗೆ ವಿಮಾನ ನಿಧಾನವಾಗಿ ಉರುಳಿಕೊಂಡು ಬರುವ ದಾರಿ ಟ್ಯಾಕ್ಸಿವೇ. ಸಣ್ಣ ಊರುಗಳಿಗೆ ಬರುವ ಪಂಖದ ಎಟಿಆರ್-72 ವಿಮಾನದ ಗರಿಷ್ಠ ಭಾರ ಸುಮಾರು 23 ಟನ್. ಅದೇ ಬೋಯಿಂಗ್ 737-800 ಜೆಟ್ ವಿಮಾನದ್ದು ಸುಮಾರು 79 ಟನ್. ಈ ಭಾರದ ಬಹುಪಾಲು ರೆಕ್ಕೆಗಳ ಕೆಳಗಿನ ನಾಲ್ಕೇ ಗಾಲಿಗಳ ಮೇಲೆ ಕೂರುತ್ತದೆ. ನಮ್ಮ ಕಾರಿನ ಟಯರಿಗೆ 30ರ ಆಸುಪಾಸಿನ ಪೌಂಡು ಗಾಳಿ ಹಾಕಿಸಿದರೆ ಸಾಕು, ಆ ಜೆಟ್ ವಿಮಾನದ ಟಯರಿನ ಒತ್ತಡ 200 ಪೌಂಡಿನ ಆಸುಪಾಸಿನಲ್ಲಿರುತ್ತದೆ. ಅಂಗೈಯಗಲದ ಜಾಗದ ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂಬುದನ್ನು ಓದುಗರೇ ಊಹಿಸಲಿ.

ರನ್‌ವೇಗೇ ಹೆಚ್ಚಿನ ಹೊರೆ, ಟ್ಯಾಕ್ಸಿವೇಗೆ ಕಡಿಮೆ ಎಂದು ನಮ್ಮಂಥ ಸಾಮಾನ್ಯರು ತಿಳಿಯುತ್ತೇವೆ. ನಿಜ ಸಂಗತಿ ಇದಕ್ಕೆ ವಿರುದ್ಧವಾಗಿದೆ. ಏರಲು ಹೊರಟ ವಿಮಾನ ತುಂಬಿದ ಟ್ಯಾಂಕಿಯೊಂದಿಗೆ, ತನ್ನ ಅತಿ ಹೆಚ್ಚಿನ ಭಾರದಲ್ಲಿ, ಟ್ಯಾಕ್ಸಿವೇಯ ಮೇಲೆಯೇ ಸಾಗಿ ಬರಬೇಕು. ಅದೂ ನಿಧಾನವಾಗಿ, ಸರದಿಗಾಗಿ ನಿಂತು ನಿಂತು. ನಿಂತ ಭಾರ ಓಡುವ ಭಾರಕ್ಕಿಂತ ನೆಲವನ್ನು ಹೆಚ್ಚು ತುಳಿಯುತ್ತದೆ. ಆದ್ದರಿಂದಲೇ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಟ್ಯಾಕ್ಸಿವೇಯ ಬಲ ಅದು ಸೇರುವ ರನ್‌ವೇಯ ಬಲಕ್ಕೆ ಕನಿಷ್ಠ ಸಮನಾಗಿರಬೇಕೆಂದು ಶಿಫಾರಸು ಮಾಡಿದೆ. ಆದರೆ ಶಿಫಾರಸು ಶಿಫಾರಸೇ. ಸಣ್ಣ ವಿಮಾನಗಳಿಗಾಗಿ ಹುಟ್ಟಿ, ಕಾಲಕಾಲಕ್ಕೆ ತೇಪೆ ಹಾಕಿಸಿಕೊಂಡು ಬೆಳೆದ ನಿಲ್ದಾಣಗಳು ಜಗತ್ತಿನ ತುಂಬ ಇವೆ. ಅಲ್ಲಿ ರನ್‌ವೇ ಹೊಸದು, ಒಂದು ಟ್ಯಾಕ್ಸಿವೇ ಹೊಸದು, ಪಕ್ಕದ ಇನ್ನೊಂದು ಅಜ್ಜನ ಕಾಲದ್ದು. ಮೇಲಿನಿಂದ ನೋಡಿದರೆ ಮೂರೂ ಒಂದೇ ಬಣ್ಣದ ಡಾಂಬರು.

ಹಾಗಾದರೆ ಯಾವ ದಾರಿ ಎಷ್ಟು ಹೊರುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲವೇ? ಗೊತ್ತಿದೆ. ಚೆನ್ನಾಗಿಯೇ ಗೊತ್ತಿದೆ. ಅದಕ್ಕೊಂದು ಅಂತಾರಾಷ್ಟ್ರೀಯ ಲೆಕ್ಕವಿದೆ. ಪಿಸಿಎನ್ ಎಂಬ ಆ ಲೆಕ್ಕದಲ್ಲಿ ಮೊದಲು ಒಂದು ಸಂಖ್ಯೆ, ಆಮೇಲೆ ನೆಲ ಕಾಂಕ್ರೀಟಿನದೋ ಡಾಂಬರಿನದೋ, ಕೆಳಗಿನ ಮಣ್ಣು ಎಷ್ಟು ಗಟ್ಟಿ, ಟಯರಿನ ಒತ್ತಡ ಎಷ್ಟಿರಬಹುದು, ಅಳತೆ ಪರೀಕ್ಷೆಯಿಂದ ಬಂದದ್ದೋ ಬಳಕೆಯ ಅನುಭವದಿಂದ ಬಂದದ್ದೋ ಎಂಬುದನ್ನು ಒಂದೊಂದು ಅಕ್ಷರದಲ್ಲಿ ಹೇಳುತ್ತಾರೆ. 2024ರ ನವೆಂಬರ್ 28ರಿಂದ ಇದರ ಜಾಗಕ್ಕೆ ಪಿಸಿಆರ್ ಎಂಬ ಹೊಸ ಲೆಕ್ಕ ಬಂದಿದೆ. ಮಿತಿಯನ್ನು ಅಪರೂಪಕ್ಕೆ ಎಷ್ಟು ಮೀರಬಹುದು ಎಂಬುದಕ್ಕೂ ಸೂತ್ರವಿದೆ: ಹಳೆಯ ಲೆಕ್ಕದಲ್ಲಿ ಡಾಂಬರಿನ ನೆಲಕ್ಕೆ ನೂರಕ್ಕೆ 10, ಕಾಂಕ್ರೀಟಿಗೆ ನೂರಕ್ಕೆ 5. ಅಂದರೆ ವಿದ್ಯೆಗೆ ಕೊರತೆಯಿಲ್ಲ. ಭಾರತದಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಪ್ರಕಟಿಸುವ ಎಐಪಿ ಎಂಬ ಬೃಹತ್ ಕೈಪಿಡಿಯಲ್ಲಿ ಪ್ರತಿ ನಿಲ್ದಾಣದ ಟ್ಯಾಕ್ಸಿವೇಗಳ ಅಗಲ, ಮೇಲ್ಮೈ, ಬಲ ಇವುಗಳಿಗೆಂದೇ ಒಂದು ಶೀರ್ಷಿಕೆ ಇದೆ.

ಆದರೆ ವಿಮಾನ ಓಡಿಸುವವನು ಆ ಹೊತ್ತಿನಲ್ಲಿ ನೋಡುವುದು ಕೈಪಿಡಿಯನ್ನಲ್ಲ, ನಕ್ಷೆಯನ್ನು. ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂದು ಕಂಟ್ರೋಲ್ ಟವರ್ ಹೇಳುತ್ತಿರುವಾಗ ಅವನ ಮುಂದೆ ಇರುವುದು ಒಂದು ಹಾಳೆ, ಈಗ ಒಂದು ಟ್ಯಾಬ್ಲೆಟ್ಟಿನ ಪರದೆ. ವಿಮಾನಯಾನದಲ್ಲಿ ಎಲ್ಲರಿಗಿಂತ ಮುಂದಿದ್ದೇವೆ ಎನ್ನುವ ಅಮೆರಿಕವನ್ನೇ ನೋಡಿ. ಅಲ್ಲಿನ ಸರ್ಕಾರಿ ನಿಲ್ದಾಣ ನಕ್ಷೆಗಳಲ್ಲಿ ರನ್‌ವೇ ಎಷ್ಟು ಹೊರುತ್ತದೆ ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಟ್ಯಾಕ್ಸಿವೇಯ ಮಿತಿ ಮಾತ್ರ ಸಾಮಾನ್ಯವಾಗಿ ಬೇರೊಂದು ಪುಸ್ತಕದಲ್ಲಿ, ಸಂಕ್ಷೇಪಾಕ್ಷರಗಳ ಟಿಪ್ಪಣಿಗಳ ನಡುವೆ ಎಲ್ಲೋ ಇರುತ್ತದೆ. ಇಂಥ ಟ್ಯಾಕ್ಸಿವೇ 12,500 ಪೌಂಡಿನ ಒಳಗಿನ ವಿಮಾನಗಳಿಗೆ ಮಾತ್ರ ಎಂಬ ಒಂದು ಸಾಲು. ಅಷ್ಟೆಂದರೆ ನಮ್ಮ ಲೆಕ್ಕದಲ್ಲಿ 6 ಟನ್ನೂ ಆಗಲಿಲ್ಲ. ನಕ್ಷೆಯಲ್ಲಿ ಆ ದಾರಿ ಉಳಿದ ದಾರಿಗಳಂತೆಯೇ ಅಗಲವಾಗಿ, ಕರ್ರಗೆ, ಬಾ ಎಂದು ಕರೆಯುವಂತೆ ಇರುತ್ತದೆ.

ಇದರ ಪಕ್ಕದಲ್ಲಿ ಇನ್ನೊಂದು ಚಿತ್ರವನ್ನು ಇಟ್ಟು ನೋಡೋಣ. ಉಮ್ರಾ ಮುಗಿಸಿ ಬಂದ ಮುದುಕಿಯ ಗಂಟಿನ ಮಿತಿ ಅವಳ ಟಿಕೆಟ್ಟಿನ ಮೇಲೆಯೇ ಕಿಲೋ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ಕೌಂಟರಿನಲ್ಲಿ ಅವಳೆದುರೇ ತಕ್ಕಡಿ ಇದೆ, ಕೆಂಪು ಅಂಕಿಗಳು ಬೆಳಗುತ್ತವೆ. ಒಂದು ಕಿಲೋ ಹೆಚ್ಚಾದರೆ ದುಡ್ಡು ಕಟ್ಟು, ಇಲ್ಲವೇ ಖರ್ಜೂರದ ಪೊಟ್ಟಣ ತೆಗೆದಿಡು ಎನ್ನುತ್ತಾರೆ. ಅಜ್ಜಿಯ ಗಂಟಿನ ಮಿತಿಯನ್ನು ಅಜ್ಜಿಗೆ ತಿಳಿಸಲು ಇಷ್ಟು ವ್ಯವಸ್ಥೆ ಮಾಡಿದವರಿಗೆ, 79 ಟನ್ನಿನ ವಿಮಾನದ ಕೆಳಗಿನ ನೆಲದ ಮಿತಿಯನ್ನು ಪೈಲಟನಿಗೆ ತಿಳಿಸಲು ನಕ್ಷೆಯಲ್ಲಿ ಜಾಗ ಸಾಲುವುದಿಲ್ಲವಂತೆ! ಹಣ ವಸೂಲಿಯಾಗುವ ಕಡೆ ಮಿತಿ ದಪ್ಪಕ್ಷರದಲ್ಲಿ ಇರುತ್ತದೆ, ಜೀವ ಉಳಿಯುವ ಕಡೆ ಟಿಪ್ಪಣಿಯಲ್ಲಿ ಇರುತ್ತದೆ.

ಬಲ್ಲವರು ಇದಕ್ಕೆ ಎರಡು ಉತ್ತರ ಕೊಡುತ್ತಾರೆ. ಮೊದಲನೆಯದು: ಎಲ್ಲವೂ ಪ್ರಕಟವಾಗಿದೆ, ಓದುವುದು ಪೈಲಟನ ಕರ್ತವ್ಯ. ಈ ಮಾತಿಗೆ 2017ರ ಜುಲೈ 7ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನಡೆದದ್ದೇ ಉತ್ತರ. ಅಂದು ಏರ್ ಕೆನಡಾದ ವಿಮಾನವೊಂದು ರನ್‌ವೇ ಎಂದು ತಿಳಿದು ಟ್ಯಾಕ್ಸಿವೇಯ ಮೇಲೆಯೇ ಇಳಿಯಲು ಹೋಯಿತು. ಆ ಟ್ಯಾಕ್ಸಿವೇಯಲ್ಲಿ ಪ್ರಯಾಣಿಕರು ತುಂಬಿದ ನಾಲ್ಕು ವಿಮಾನಗಳು ಸಾಲಾಗಿ ನಿಂತಿದ್ದವು. ನೆಲದಿಂದ ಸುಮಾರು 60 ಅಡಿಯವರೆಗೆ ಇಳಿದು, ಕೊನೆಯ ಗಳಿಗೆಯಲ್ಲಿ ಮೇಲೆದ್ದಿತು. ಸಾವಿರಕ್ಕೂ ಹೆಚ್ಚು ಜೀವಗಳು ಕೂದಲೆಳೆಯಲ್ಲಿ ಉಳಿದವು. ಪಕ್ಕದ ರನ್‌ವೇ ಅಂದು ಮುಚ್ಚಿದೆ ಎಂಬ ಸೂಚನೆ ಪೈಲಟರಿಗೆ ಕೊಟ್ಟಿದ್ದ 27 ಪುಟಗಳ ಕಟ್ಟಿನಲ್ಲಿ 8ನೆಯ ಪುಟದಲ್ಲಿತ್ತು. ಅದು ಪ್ರಕಟವಾಗಿತ್ತು, ಆದರೆ ತಲುಪಿರಲಿಲ್ಲ. ಅಲ್ಲಿನ ತನಿಖಾ ಮಂಡಳಿ ಪೈಲಟರ ತಪ್ಪನ್ನು ಗುರುತಿಸಿತು, ಅದರ ಜೊತೆಗೆ ಸೂಚನೆ ಕೊಡುವ ರೀತಿಯನ್ನೂ ಕಾರಣಗಳ ಸಾಲಿನಲ್ಲಿ ನಿಲ್ಲಿಸಿತು. ಹೇಳಿದ್ದೇವೆ ಎನ್ನುವುದು ಬೇರೆ, ಕೇಳಿಸುವಂತೆ ಹೇಳಿದ್ದೇವೆ ಎನ್ನುವುದು ಬೇರೆ.

ಎರಡನೆಯ ಉತ್ತರ: ನಕ್ಷೆಯಲ್ಲಿ ಎಲ್ಲವನ್ನೂ ತುರುಕಿದರೆ ಯಾವುದೂ ಕಾಣುವುದಿಲ್ಲ. ಈ ಮಾತಿನಲ್ಲಿ ಸತ್ಯಾಂಶವಿದೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲ ಟ್ಯಾಕ್ಸಿವೇಗಳ ಸಂಖ್ಯೆಯನ್ನೂ ಬರೆಯಿರಿ ಎಂದು ಕೇಳುವವರು ಯಾರು? ರನ್‌ವೇಗಿಂತ ದುರ್ಬಲವಾದ ದಾರಿಗಳನ್ನು ಮಾತ್ರ ಗುರುತಿಸಿ. ಅಂಥವು ಒಂದು ನಿಲ್ದಾಣದಲ್ಲಿ ಒಂದೋ ಎರಡೋ ಇರುತ್ತವೆ. ಆ ದಾರಿಯ ಮೇಲೆ ಒಂದು ಅಡ್ಡಗೆರೆ, ಒಂದು ಅಂಕಿ. ಅದಕ್ಕೆ ಜಾಗ ಸಾಲದ ನಕ್ಷೆ ಇಲ್ಲ, ಸಾಲದಿರುವುದು ಮನಸ್ಸು.

ಇನ್ನೊಂದು ಮಾತು. ಇಂದು ಜಗತ್ತಿನ ಪೈಲಟರು ಬಳಸುವ ಹೆಸರಾಂತ ನಕ್ಷೆಗಳನ್ನು ಹುಟ್ಟುಹಾಕಿದವನು ಎಲ್ರೇ ಜೆಪ್ಪೆಸೆನ್ ಎಂಬ ಅಮೆರಿಕದ ಅಂಚೆ ವಿಮಾನದ ಪೈಲಟ್. ಯಾವ ಮೈದಾನ ಎಷ್ಟು ಉದ್ದ, ಎಲ್ಲಿ ಇಳಿಜಾರು, ಎಲ್ಲಿ ಅಡ್ಡಿ, ಯಾವ ರೈತನಿಗೆ ಫೋನು ಮಾಡಿದರೆ ಹವೆ ಹೇಗಿದೆ ಎಂದು ತಿಳಿಯುತ್ತದೆ ಎಂಬುದನ್ನೆಲ್ಲ ಒಂದು ಸಣ್ಣ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಜೊತೆಗಾರರು ನಮಗೂ ಕೊಡು ಎಂದರು. 1934ರಲ್ಲಿ ಅದೇ ಅವನ ವ್ಯಾಪಾರವಾಯಿತು. ಅಂದರೆ ನಕ್ಷೆ ಹುಟ್ಟಿದ್ದೇ ಓಡಿಸುವವನ ಅಗತ್ಯದಿಂದ, ಓಡಿಸುವವನ ಕೈಯಿಂದ. ಕಚೇರಿಯ ಅನುಕೂಲಕ್ಕಾಗಿ ಅಲ್ಲ.

ನೆಲ ಕುಸಿದೀತೆಂಬುದು ನಮ್ಮ ಭ್ರಮೆ ಎನ್ನುವವರೂ ಇದ್ದಾರೆ. 2012ರ ಜುಲೈನಲ್ಲಿ ವಾಷಿಂಗ್ಟನ್ನಿನ ರೇಗನ್ ವಿಮಾನ ನಿಲ್ದಾಣದಲ್ಲಿ ಸುಮಾರು 38 ಡಿಗ್ರಿ ಬಿಸಿಲಿಗೆ ಡಾಂಬರು ಮೆತ್ತಗಾಗಿ, ಒಂದು ಸಣ್ಣ ಜೆಟ್ ವಿಮಾನದ ಗಾಲಿಗಳು ಹೂತುಹೋದವು. ಪ್ರಯಾಣಿಕರನ್ನು ಇಳಿಸಿ, ದೊಡ್ಡ ವಾಹನ ತಂದು ಎಳೆಯಬೇಕಾಯಿತು. 38 ಡಿಗ್ರಿ ಎಂದರೆ ನಮ್ಮ ಬಯಲುಸೀಮೆಯಲ್ಲಿ ಏಪ್ರಿಲ್ ತಿಂಗಳ ಒಂದು ಸಾಧಾರಣ ಮಧ್ಯಾಹ್ನ.

ಇಷ್ಟು ಹೇಳಿ ನಾವು ಊರಿಗೆ ಮರಳುತ್ತೇವೆ, ಏಕೆಂದರೆ ಈ ರೋಗ ವಿಮಾನಕ್ಕೆ ಮಾತ್ರ ಅಂಟಿದ್ದಲ್ಲ. ಮುನವಳ್ಳಿ ಮಲಪ್ರಭೆಯ ದಂಡೆಯ ಊರು. ಮೇಲೆ ನವಿಲುತೀರ್ಥದ ಅಣೆಕಟ್ಟು. 2019ರ ಆಗಸ್ಟ್‌ನಲ್ಲಿ ಅಲ್ಲಿಂದ ಬಿಟ್ಟ ನೀರು ಊರೊಳಗೆ ಬಂದದ್ದನ್ನು ನಾವು ಕಂಡಿದ್ದೇವೆ. ಸುತ್ತಮುತ್ತ ಕಬ್ಬು, ಕಬ್ಬಿಗೆ ಕಾರ್ಖಾನೆ. ಹಂಗಾಮು ಆರಂಭವಾದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಗಲಿರುಳೂ ಸಾಲುಗಟ್ಟುತ್ತವೆ. ನಮ್ಮ ಸೀಮೆಯಲ್ಲಿ ಒಂದು ಹಳೆಯ ಸೇತುವೆ ಇದೆ, ಅದರ ಹೆಸರು ಬೇಡ. ಅದರ ಬಾಯಲ್ಲಿ ಒಂದು ಕಬ್ಬಿಣದ ಫಲಕ. 'ಭಾರಮಿತಿ' ಎಂಬ ಪದ ಕಾಣುತ್ತದೆ, 'ಟನ್' ಎಂಬುದೂ ಕಾಣುತ್ತದೆ. ನಡುವಿನ ಅಂಕಿಯನ್ನು ಅರ್ಧ ತುಕ್ಕು ತಿಂದಿದೆ, ಉಳಿದರ್ಧದ ಮೇಲೆ ಯಾವುದೋ ಕೋಚಿಂಗ್ ಕ್ಲಾಸಿನ ಚೀಟಿ. ಒಮ್ಮೆ ಅಲ್ಲಿಯೇ ಚಹಾ ಕುಡಿಯುತ್ತ ನಿಂತಿದ್ದ ಟ್ರ್ಯಾಕ್ಟರಿನ ಹುಡುಗನನ್ನು ನಾವು ಮಾತಿಗೆಳೆದೆವು.

'ಎಷ್ಟ್ ಟನ್ ಹೇರಿಯಪಾ?'

'ಅದು ಕಾಟಾದಾಗ ಏರಿಸಿದ ಮ್ಯಾಲ ಗೊತ್ತಾಕ್ಕೈತ್ರಿ, ಸಾಹೇಬ್ರ.'

'ಕಾಟಾ ಎಲ್ಲೈತಿ?'

'ಫ್ಯಾಕ್ಟರ್‍ಯಾಗ್ರಿ. ಬ್ರಿಜ್ ದಾಟಿ ಹೋಗಬೇಕು.'

ಅವನು ನಗಲೂ ಇಲ್ಲ, ದೂರಲೂ ಇಲ್ಲ. ಇದ್ದದ್ದನ್ನು ಹೇಳಿ ಗ್ಲಾಸು ಇಟ್ಟು ಹೋದ. ಸೇತುವೆಯ ಮಿತಿ ಅವನಿಗೆ ಗೊತ್ತಿಲ್ಲ, ತನ್ನ ಹೊರೆಯ ತೂಕವೂ ದಾಟಿದ ಮೇಲೆಯೇ ಗೊತ್ತಾಗುತ್ತದೆ. ಆದರೆ ನಾಳೆ ಸೇತುವೆ ಕುಸಿದರೆ ಮೊದಲ ಕೇಸು ಬೀಳುವುದು ಅವನ ಮೇಲೆ: ಅತಿ ಭಾರ ಹೇರಿ ನಿರ್ಲಕ್ಷ್ಯದಿಂದ ಚಲಾಯಿಸಿದ್ದು. ಆಗ ಕಡತದೊಳಗಿನ ಅಂಕಿ ಧೂಳು ಕೊಡವಿಕೊಂಡು ಹೊರಬರುತ್ತದೆ. ಅಲ್ಲಿಯವರೆಗೆ ಯಾರನ್ನೂ ಕಾಯದ ಮಿತಿ ಅಂದು ಇಲಾಖೆಯನ್ನು ಕಾಯಲು ಕೋರ್ಟಿಗೆ ಹಾಜರಾಗುತ್ತದೆ. ಚಾಲಕನ ಕಣ್ಣಿಗೆ ಬೀಳದ ಮಿತಿ ಮಿತಿಯೇ ಅಲ್ಲ, ತಪ್ಪನ್ನು ಕೆಳಗಿನವನ ತಲೆಗೆ ಕಟ್ಟಲು ಮೊದಲೇ ಸಿದ್ಧಪಡಿಸಿಟ್ಟ ಸಾಕ್ಷಿ.

ಇದಕ್ಕೆ ಇನ್ನೊಂದು ವಿಪರ್ಯಾಸ ಸೇರಿಕೊಂಡಿದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಸರಕು ವಾಹನಗಳ ಆಕ್ಸಲ್ ಭಾರಮಿತಿಯನ್ನು ಏರಿಸಿತು. ನಾಲ್ಕು ಟಯರಿನ ಒಂಟಿ ಆಕ್ಸಲಿಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು, ಜೋಡಿ ಆಕ್ಸಲಿಗೆ 19 ಇದ್ದದ್ದು 21 ಆಯಿತು. ಸಾಗಣೆಯ ಖರ್ಚು ಇಳಿಯುತ್ತದೆ ಎಂದರು, ಇಳಿದಿರಲೂಬಹುದು. ಕಾನೂನು ಒಂದೇ ದಿನದಲ್ಲಿ ಲಾರಿಯ ಬಲವನ್ನು ಹೆಚ್ಚಿಸಿತು. ಹಳೆಯ ಸೇತುವೆಯ ಬಲವನ್ನು ಯಾವ ಗೆಜೆಟ್ಟು ಹೆಚ್ಚಿಸುತ್ತದೆ? ಅದೇ ವರ್ಷದ ಜೂನ್ 25ರಂದು ದಕ್ಷಿಣ ಕನ್ನಡದ ಮುಲ್ಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದಿತ್ತು, ಪುಣ್ಯಕ್ಕೆ ಜೀವಹಾನಿಯಾಗಲಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಲಾರಿಯೊಂದರ ಸಮೇತ ನೀರಿಗೆ ಬಿತ್ತು, ಚಾಲಕ ಬದುಕಿ ಬಂದ. 2025ರ ಜುಲೈ 9ರಂದು ಗುಜರಾತಿನ ಗಂಭೀರಾ ಸೇತುವೆ ಮುರಿದು 20 ಮಂದಿಗೆ ಕಡಿಮೆಯಿಲ್ಲದಂತೆ ಸತ್ತರು. ಇವೆಲ್ಲ ಅತಿ ಭಾರದಿಂದಲೇ ಬಿದ್ದವೆಂದು ನಾವು ಹೇಳುತ್ತಿಲ್ಲ, ಒಂದೊಂದರ ಕಾರಣ ಒಂದೊಂದು. ನಮ್ಮ ಪ್ರಶ್ನೆ ಬೇರೆ: ಆ ಸೇತುವೆಗಳ ಮೈಯಲ್ಲಿ ಎಷ್ಟು ಕಸುವು ಉಳಿದಿದೆ ಎಂಬುದನ್ನು ಅಂದು ಸ್ಟೀರಿಂಗ್ ಹಿಡಿದು ಬಂದವರಿಗೆ ಹೇಳಬೇಕಾಗಿದ್ದವರು ಯಾರು?

ಗಂಭೀರಾ ಸೇತುವೆ ಬಿದ್ದ ಮರುದಿನವೇ ನಾಲ್ವರು ಎಂಜಿನಿಯರುಗಳನ್ನು ಅಮಾನತ್ತು ಮಾಡಿದರು. ಈ ಪದ ಬಂದಾಗಲೆಲ್ಲ ನಮಗೆ ಬಾಲ್ಯ ನೆನಪಾಗುತ್ತದೆ. ಉರ್ದು ಶಾಲೆಯಲ್ಲಿ ನಾವು 'ಅಮಾನತ್' ಎಂಬ ಪದವನ್ನು ಕಲಿತದ್ದು, ಇನ್ನೊಬ್ಬರು ನಂಬಿ ನಮ್ಮ ಕೈಯಲ್ಲಿಟ್ಟ ವಸ್ತು ಎಂಬ ಅರ್ಥದಲ್ಲಿ. ನೆರೆಮನೆಯವರು ಊರಿಗೆ ಹೋಗುವಾಗ ನಮ್ಮ ತಾಯಿಯ ಕೈಗೆ ಕೊಟ್ಟುಹೋಗುತ್ತಿದ್ದ ಬೀಗದ ಕೈ ಅಮಾನತ್. ಅವರು ಬಂದು ಕೇಳುವವರೆಗೆ ಕಾಯಬೇಕು, ಬಂದ ಕೂಡಲೇ ಕೊಡಬೇಕು. ಮುಂದೆ ಕನ್ನಡ ಶಾಲೆಗೆ ಬಂದು ಪತ್ರಿಕೆ ಓದತೊಡಗಿದಾಗ 'ಅಧಿಕಾರಿ ಅಮಾನತ್ತು' ಎಂಬ ಸುದ್ದಿ ಕಂಡು ಬೆರಗಾದೆವು. ಈ ಅಧಿಕಾರಿಯನ್ನು ಯಾರ ಮನೆಯಲ್ಲಿ ನಂಬಿ ಇಟ್ಟಿದ್ದಾರೆ ಎಂದು ಮಾಸ್ತರರನ್ನು ಕೇಳಿ ನಗೆಗೀಡಾದದ್ದೂ ಉಂಟು. ಒಂದೇ ಪದ, ಎರಡು ಶಾಲೆಗಳಲ್ಲಿ ಎರಡು ಅರ್ಥ. ಈಗ ತಿಳಿಯುತ್ತಿದೆ, ನಮ್ಮ ಆಡಳಿತಕ್ಕೆ ಎರಡನೆಯ ಅರ್ಥ ಮಾತ್ರ ಗೊತ್ತು. ನೆಲದ ಮಿತಿ, ಸೇತುವೆಯ ಮಿತಿ ಅಧಿಕಾರಿಯ ಸ್ವಂತ ಆಸ್ತಿಯಲ್ಲ. ಅದು ದಾರಿಯಲ್ಲಿ ಬರುವವರ ಅಮಾನತ್. ಅದನ್ನು ಅವರ ಕೈಗೆ ಕೊಡದೆ ಕಪಾಟಿನಲ್ಲಿಟ್ಟುಕೊಂಡು, ಹೆಣ ಬಿದ್ದ ಮೇಲೆ ಕೆಳಹಂತದ ನಾಲ್ವರನ್ನು ಅಮಾನತ್ತಿನಲ್ಲಿಟ್ಟರೆ ಲೆಕ್ಕ ಚುಕ್ತಾ ಆಗುವುದಿಲ್ಲ.

ಬರೀ ಬಯ್ಯುವುದು ನಮ್ಮ ಉದ್ದೇಶವಲ್ಲ, ಆದ್ದರಿಂದ ಕೇಳಬೇಕಾದದ್ದನ್ನು ಕೇಳುತ್ತೇವೆ. ರನ್‌ವೇಗಿಂತ ದುರ್ಬಲವಾದ ಪ್ರತಿ ಟ್ಯಾಕ್ಸಿವೇಯ ಮಿತಿ ನಕ್ಷೆಯ ಮುಖದ ಮೇಲೆ, ಆ ದಾರಿಯ ಮೇಲೆಯೇ ಅಚ್ಚಾಗಬೇಕು. ದಾರಿ ಹೇಳುವ ಟವರಿನವರ ಮುಂದೆಯೂ ಅದೇ ಅಂಕಿ ಇರಬೇಕು. ಸೇತುವೆಯ ಫಲಕ ಸೇತುವೆಯ ಬಾಯಲ್ಲಿ ಅಲ್ಲ, ಎರಡು ಟ್ರೇಲರಿನ ಟ್ರ್ಯಾಕ್ಟರು ಇನ್ನೂ ಬೇರೆ ದಾರಿ ಹಿಡಿಯಬಹುದಾದ ಕೂಟಿನಲ್ಲಿ ಇರಬೇಕು. ಹಿಂದಕ್ಕೆ ತಿರುಗಲಾಗದ ಜಾಗದಲ್ಲಿ ನಿಲ್ಲಿಸಿದ ಎಚ್ಚರಿಕೆ ಎಚ್ಚರಿಕೆಯಲ್ಲ, ಅಣಕ. ಅಂಕಿ ದೊಡ್ಡದಿರಲಿ, ಕನ್ನಡದಲ್ಲಿರಲಿ. ಕಬ್ಬು ಕಡಿಯಲು, ಸಾಗಿಸಲು ಮಹಾರಾಷ್ಟ್ರದಿಂದ ಬರುವವರು ಓಡಾಡುವ ಕಡೆ ಮರಾಠಿಯಲ್ಲಿಯೂ ಇರಲಿ. ಕಡೆಯ ಬಾರಿ ಪರೀಕ್ಷಿಸಿದ ದಿನಾಂಕ ಅದರ ಕೆಳಗಿರಲಿ, ಪ್ರತಿ ನೆರೆಯ ನಂತರ ಆ ದಿನಾಂಕ ಬದಲಾಗಲಿ. ತೂಕದ ಕಾಟಾ ಸೇತುವೆಯ ಈಚೆಗೂ ಒಂದು ಇರಲಿ. ಮತ್ತು ಅಪಘಾತವಾದಾಗ ತನಿಖೆಯ ಮೊದಲ ಪ್ರಶ್ನೆ 'ಚಾಲಕ ಎಷ್ಟು ಹೇರಿದ್ದ?' ಎಂದಾಗದೆ, 'ಮಿತಿಯನ್ನು ಅವನಿಗೆ ಎಲ್ಲಿ, ಯಾವ ಭಾಷೆಯಲ್ಲಿ, ಎಷ್ಟು ದೂರದಿಂದ ತಿಳಿಸಲಾಗಿತ್ತು?' ಎಂದಾಗಲಿ.

ತಿಳಿಸಿಯೂ ಮೀರಿದವನನ್ನು ಶಿಕ್ಷಿಸಿ, ನಾವು ಅಡ್ಡ ಬರುವುದಿಲ್ಲ. ದುರಾಸೆಯಿಂದ ಹೇರುವವರು ನಮ್ಮ ನಡುವೆಯೂ ಇದ್ದಾರೆ, ಅವರ ವಕಾಲತ್ತು ನಮಗೆ ಬೇಡ. ಆದರೆ ತಿಳಿಸುವ ಖರ್ಚು ಎಷ್ಟು? ನಕ್ಷೆಯಲ್ಲಿ ಒಂದು ಗೆರೆ, ಕೂಟಿನಲ್ಲಿ ಒಂದು ಫಲಕ, ಒಂದು ಡಬ್ಬಿ ಬಣ್ಣ. ಆ ಹಳೆಯ ಸೇತುವೆಯ ಫಲಕದ ಮೇಲಿನ ಚೀಟಿಯನ್ನು ನಾವೇ ಕಿತ್ತು ನೋಡಿದೆವು. ಕೆಳಗೆ ಅಂಕಿ ಇರಲಿಲ್ಲ. ಅದನ್ನು ಬಲ್ಲವರು ಯಾವ ಕಚೇರಿಯಲ್ಲಿ ಕುಳಿತಿದ್ದಾರೋ, ಮುಂದಿನ ಹಂಗಾಮಿನ ಮೊದಲ ಟ್ರ್ಯಾಕ್ಟರು ಹೊರಡುವುದರೊಳಗೆ ಒಮ್ಮೆ ಎದ್ದು ಬಂದು ಬರೆದುಹೋಗಲಿ.